ಹಸು ಗಬ್ಬ ನಿಲ್ಲುತ್ತಿಲ್ಲವೇ? ವೀರ್ಯದ ಕ್ಯಾನ್ ಕಡೆಯೂ ಒಮ್ಮೆ ನೋಡಿ

ಹಸು ಬೆದೆಗೆ ಬಂತು, ಇಂಜೆಕ್ಷನ್ ಕೊಡಿಸಿದ್ದಾಯ್ತು. 21 ದಿನ ಕಳೆಯುವಷ್ಟರಲ್ಲಿ ಮತ್ತೆ ಬೆದೆ. ಬೆಳಗ್ಗೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರಲ್ಲಿ ಒಬ್ಬರಾದರೂ ಈ ಮಾತು ಹೇಳುತ್ತಾರೆ. ಮೇವು ಸಾಲದ್ದು, ಖನಿಜದ ಕೊರತೆ, ಗರ್ಭಕೋಶದ ಸೋಂಕು, ಬೆದೆಯ ಸಮಯ ತಪ್ಪಿದ್ದು, ಹೀಗೆ ಕಾರಣಗಳು ಹಲವು. ಆದರೆ ಯಾರೂ ಗಮನಿಸದ ಇನ್ನೊಂದು ಕಾರಣವಿದೆ: ಹಸುವಿಗೆ ಹಾಕುವ ಮೊದಲೇ ಕಡ್ಡಿಯೊಳಗಿನ ವೀರ್ಯ ಸತ್ತಿರಬಹುದು. ಸತ್ತ ಕಡ್ಡಿಗೂ ಜೀವ ಇರುವ ಕಡ್ಡಿಗೂ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ನಷ್ಟ ಮಾತ್ರ ರೈತರದ್ದು. ಮೂರು ವಾರದ ಮೇವು ಖರ್ಚು, ಮೂರು ವಾರ ತಡವಾದ ಕರು, ಅಷ್ಟು ದಿನದ ಹಾಲು.

ಕಡ್ಡಿಯಲ್ಲಿ ಏನಿದೆ?

ನಮ್ಮಲ್ಲಿ ಬಳಸುವ ಪ್ಲಾಸ್ಟಿಕ್ ಕಡ್ಡಿ ಅಂದರೆ ಸ್ಟ್ರಾದಲ್ಲಿ ಕಾಲು ಮಿಲಿ ವೀರ್ಯ ಇರುತ್ತದೆ. ಅದರಲ್ಲಿ ಕನಿಷ್ಠ 2 ಕೋಟಿ ವೀರ್ಯಾಣು ಇರಬೇಕು, ಕರಗಿಸಿದ ಮೇಲೆ ಅರ್ಧದಷ್ಟಾದರೂ ಚುರುಕಾಗಿ ಓಡಾಡಬೇಕು ಎಂಬುದು ದೇಶದ ವೀರ್ಯ ಕೇಂದ್ರಗಳಿಗೆ ಇರುವ ಮಾನದಂಡ. ಕರ್ನಾಟಕದಲ್ಲಿ ಹೆಸರಘಟ್ಟದ ನಂದಿನಿ ವೀರ್ಯ ಕೇಂದ್ರ ಮತ್ತು ಅಲ್ಲೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಇಂಥ ಕಡ್ಡಿ ತಯಾರಿಸುತ್ತವೆ. ಕಡ್ಡಿಯ ಮೇಲೆ ಹೋರಿಯ ನಂಬರ್, ತಳಿ, ತಯಾರಾದ ದಿನಾಂಕ ಅಚ್ಚಾಗಿರುತ್ತದೆ.

ಈ ಕಡ್ಡಿಗಳು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಮುಳುಗಿರುವ ತನಕ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ತಂಪು ಸುಮಾರು ಮೈನಸ್ 130 ಡಿಗ್ರಿಗಿಂತ ಮೇಲೇರಿದರೆ ಒಳಗಿನ ಮಂಜಿನ ಹರಳುಗಳು ಮತ್ತೆ ಬೆಳೆಯಲು ಶುರುವಾಗಿ ವೀರ್ಯಾಣುವಿನ ಪೊರೆಗೆ ಪೆಟ್ಟು ಬೀಳುತ್ತದೆ. ಮತ್ತೆ ಸಾರಜನಕಕ್ಕೆ ಇಳಿಸಿದರೆ ಕಡ್ಡಿ ಗಟ್ಟಿಯಾಗುತ್ತದೆ ಅಷ್ಟೇ, ಸತ್ತದ್ದು ಬದುಕುವುದಿಲ್ಲ.

ಕ್ಯಾನ್ ನೋಡಿಕೊಳ್ಳುವುದು ಹೇಗೆ?

- ಸಾರಜನಕ ದಿನವೂ ಸ್ವಲ್ಪ ಸ್ವಲ್ಪ ಆವಿಯಾಗುತ್ತಲೇ ಇರುತ್ತದೆ. ಮಟ್ಟವನ್ನು ವಾರಕ್ಕೊಮ್ಮೆಯಾದರೂ ಅಳೆಯಬೇಕು. ಅಳತೆ ಕಡ್ಡಿಯನ್ನು ತಳಮುಟ್ಟ ಇಳಿಸಿ, 10–15 ಸೆಕೆಂಡ್ ಬಿಟ್ಟು ತೆಗೆದು ಗಾಳಿಯಲ್ಲಿ ಆಡಿಸಿದರೆ ಸಾರಜನಕ ಇದ್ದಷ್ಟು ಎತ್ತರಕ್ಕೆ ಬಿಳಿ ಮಂಜು ಕೂರುತ್ತದೆ. ಟೊಳ್ಳು ಪೈಪ್ ಬೇಡವೇ ಬೇಡ, ಸಾರಜನಕ ಮೇಲಕ್ಕೆ ಚಿಮ್ಮುತ್ತದೆ.
- ಕ್ಯಾನ್ ಮೈಮೇಲೆ ಅಥವಾ ಕುತ್ತಿಗೆಯ ಸುತ್ತ ಹೊರಗೆ ನೀರು, ಮಂಜು ಕಂಡರೆ ಅದರ ನಿರ್ವಾತ ಹೋಗಿದೆ ಎಂದರ್ಥ. ಕಡ್ಡಿಗಳನ್ನು ತಕ್ಷಣ ಬೇರೆ ಕ್ಯಾನ್‌ಗೆ ಸಾಗಿಸಬೇಕು.
- ಬಿಸಿಲಿಗೆ, ಒದ್ದೆ ಸಿಮೆಂಟ್ ನೆಲಕ್ಕೆ ಇಡಬೇಡಿ. ಮರದ ಹಲಗೆ ಮೇಲೆ ನೆಟ್ಟಗೆ ಇರಲಿ. ಬೈಕಿನಲ್ಲಿ ಒಯ್ಯುವಾಗಲೂ ಮಲಗಿಸಬಾರದು.

ಕುತ್ತಿಗೆಯಲ್ಲೇ ಅಪಾಯ

ಹೆಚ್ಚು ಕಡ್ಡಿ ಹಾಳಾಗುವುದು ಕ್ಯಾನ್‌ನ ಕುತ್ತಿಗೆಯಲ್ಲಿ, ಹೋರಿ ನಂಬರ್ ಹುಡುಕುವ ಹೊತ್ತಿನಲ್ಲಿ. ಕಡ್ಡಿ ತುಂಬಿದ ಡಬ್ಬಿಯನ್ನು ಬಾಯಿಯಿಂದ ಹೊರಗೆ ಎತ್ತಬಾರದು. ಕುತ್ತಿಗೆಯೊಳಗೆ ಮಂಜು ಕಾಣುವ ಗೆರೆಯಿಂದ ಕೆಳಗೇ ಹಿಡಿದು, ಚಿಮಟದಿಂದ ಒಂದು ಕಡ್ಡಿ ತೆಗೆದು, ಕೂಡಲೇ ಇಳಿಸಬೇಕು. ಎಂಟು ಹತ್ತು ಸೆಕೆಂಡಿನೊಳಗೆ ಸಿಗದಿದ್ದರೆ ಡಬ್ಬಿ ಇಳಿಸಿ, ಪೂರ್ತಿ ತಂಪಾದ ಮೇಲೆ ಮತ್ತೆ ನೋಡಬೇಕು. ಒಂದು ಕಡ್ಡಿಗಾಗಿ ಡಬ್ಬಿ ಹೊರಗಿಟ್ಟರೆ ಉಳಿದ ಕಡ್ಡಿಗಳೆಲ್ಲ ಬಿಸಿಯಾಗುತ್ತವೆ. ಯಾವ ಹೋರಿಯ ಕಡ್ಡಿ ಯಾವ ಡಬ್ಬಿಯಲ್ಲಿದೆ ಎಂದು ಚೀಟಿ ಬರೆದಿಟ್ಟರೆ ಅರ್ಧ ಸಮಸ್ಯೆ ಮುಗೀತು.

ಕರಗಿಸುವ ಕ್ರಮ

37 ಡಿಗ್ರಿ ಬೆಚ್ಚಗಿನ ನೀರಿನಲ್ಲಿ 30 ಸೆಕೆಂಡ್. ಬೆರಳಿಟ್ಟು ಅಂದಾಜು ಮಾಡುವ ಬದಲು ಥರ್ಮಾಮೀಟರ್ ಇಡುವುದು ಒಳ್ಳೆಯದು. ಕಂಕುಳಲ್ಲಿ, ಜೇಬಿನಲ್ಲಿ, ಅಂಗೈಯಲ್ಲಿ ಉಜ್ಜಿ ಕರಗಿಸುವುದು ತಪ್ಪು. ಕಡ್ಡಿಯನ್ನು ಪೂರ್ತಿ ಒರೆಸಿದ ಮೇಲೆಯೇ ಕತ್ತರಿಸಬೇಕು. ಒಂದು ಹನಿ ನೀರು ಸೇರಿದರೂ ವೀರ್ಯಾಣು ಸಾಯುತ್ತದೆ. ಚಳಿಗಾಲದಲ್ಲಿ ಗನ್ನನ್ನು ಮೊದಲು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಕರಗಿಸಿದ ಮೇಲೆ ಆದಷ್ಟು ಬೇಗ, ತಡವೆಂದರೆ 10–15 ನಿಮಿಷದೊಳಗೆ ಹಸುವಿಗೆ ಹಾಕಬೇಕು. ಉಳಿದದ್ದನ್ನು ಮತ್ತೆ ಕ್ಯಾನ್‌ಗೆ ಹಾಕುವಂತಿಲ್ಲ. ಹಾಗಾಗಿ ಹಸುವನ್ನು ಕಟ್ಟಿ ಸಿದ್ಧ ಮಾಡಿದ ಮೇಲೆಯೇ ಕಡ್ಡಿ ತೆಗೆಯಬೇಕು.

ರೈತರು ಏನು ಮಾಡಬೇಕು?

ಬೆಳಗ್ಗೆ ಬೆದೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಇಂಜೆಕ್ಷನ್ ಕೊಡಿಸಿ. ಡಾಕ್ಟ್ರು ಅಥವಾ ಕೃತಕ ಗರ್ಭಧಾರಣೆ ಕಾರ್ಯಕರ್ತರು ಬರುವಷ್ಟರಲ್ಲಿ ಹಸುವನ್ನು ನೆರಳಲ್ಲಿ ಕಟ್ಟಿ, ಫ್ಲಾಸ್ಕಿನಲ್ಲಿ ಬಿಸಿನೀರು, ಒಣ ಬಟ್ಟೆ ಇಟ್ಟಿರಿ. ಕತ್ತರಿಸುವ ಮುಂಚೆ ಕಡ್ಡಿಯ ಮೇಲಿನ ನಂಬರ್ ಓದಿಸಿಕೊಂಡು ದಿನಾಂಕದ ಜತೆ ಬರೆದಿಟ್ಟುಕೊಳ್ಳಿ. ಕೇಳುವುದಕ್ಕೆ ಸಂಕೋಚ ಬೇಡ. ಒಂದೇ ಕ್ಯಾನ್‌ನಿಂದ ಹಾಕಿಸಿದ ಊರಿನ ಹಲವು ಹಸುಗಳು ಒಟ್ಟಿಗೆ ಗಬ್ಬ ನಿಲ್ಲದಿದ್ದರೆ, ಈ ಬರಹವೇ ಕ್ಯಾನ್ ಪರೀಕ್ಷಿಸಲು ಆಧಾರ.

ಅಂಗಡಿ, ಡೇರಿ ಕೋಣೆಯವರ ಗಮನಕ್ಕೆ

ಕೆಲವು ಕಡೆ ಕ್ಯಾನ್ ಇಡುವುದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಒಂದು ಲೀಟರ್ ದ್ರವ ಸಾರಜನಕ ಸುಮಾರು 700 ಲೀಟರ್ ಅನಿಲವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಚೆಲ್ಲಿದರೆ ಆಮ್ಲಜನಕ ಕಡಿಮೆಯಾಗಿ ಮನುಷ್ಯ ಸದ್ದಿಲ್ಲದೆ ಕುಸಿದುಬೀಳಬಹುದು. ಕಿಟಕಿ ತೆರೆದಿರಲಿ. ಗಾಜು ಏರಿಸಿದ ಕಾರಿನಲ್ಲಿ ಕ್ಯಾನ್ ಸಾಗಿಸಬೇಡಿ. ಕ್ಯಾನ್‌ಗೆ ಅದರದ್ದೇ ಸಡಿಲ ಮುಚ್ಚಳ ಇರಲಿ. ಬಿಗಿಯಾಗಿ ಬಿರಡೆ ಹಾಕಿದರೆ ಒತ್ತಡ ಹೆಚ್ಚಿ ಸಿಡಿಯುತ್ತದೆ. ಚರ್ಮಕ್ಕೆ ತಾಗಿದರೆ ಬೆಂಕಿ ಸುಟ್ಟಂತೆಯೇ ಗಾಯವಾಗುತ್ತದೆ. ಸುರಿಯುವಾಗ ಕನ್ನಡಕ, ಸಡಿಲವಾದ ಒಣ ಕೈಗವಸು ಬೇಕು, ಮಕ್ಕಳು ಹತ್ತಿರ ಬರಬಾರದು.

ಎರಡು ಮೂರು ಸಲ ಹಾಕಿಸಿದರೂ ಹಸು ಗಬ್ಬ ನಿಲ್ಲದಿದ್ದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ತೋರಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಹೋಗುವಾಗ ಆ ನಂಬರ್ ಬರೆದ ಪುಸ್ತಕ ಜತೆಗಿರಲಿ.