ಬಹರೈನ್: ಮುತ್ತಿನಿಂದ ತೈಲಕ್ಕೆ, ತೈಲದಿಂದ ಎಲ್ಲಿಗೆ?

ನಮ್ಮ ಕರಾವಳಿಯ ಊರುಗಳಲ್ಲಿ ‘ಗಲ್ಫ್’ ಎಂಬುದು ಒಂದೇ ದೇಶದ ಹೆಸರೇನೋ ಎಂಬಂತೆ ಬಳಕೆಯಲ್ಲಿದೆ. ಮಗ ಎಲ್ಲಿದ್ದಾನೆ ಎಂದು ಕೇಳಿದರೆ ‘ಗಲ್ಫ್‌ನಲ್ಲಿ’ ಎಂಬ ಉತ್ತರ ಬರುತ್ತದೆ. ದುಬೈಯೋ, ದಮಾಮೋ, ಮನಾಮವೋ ಎಂದು ಮುಂದೆ ಕೇಳುವವರು ಕಡಿಮೆ. ಹಣ ಬರುತ್ತದೆ, ಮನೆಗೆ ತಾರಸಿ ಏಳುತ್ತದೆ, ಮಗಳ ನಿಕಾಹ್ ನಡೆಯುತ್ತದೆ. ಆ ಹಣ ಹುಟ್ಟುವ ನೆಲದ ಚರಿತ್ರೆಯೇನು, ಅಲ್ಲಿಯ ಜನ ಏನನ್ನು ಅನುಭವಿಸಿ ಇಂದಿನ ಸ್ಥಿತಿಗೆ ಬಂದರು ಎಂಬುದನ್ನು ತಿಳಿಯುವ ಗೋಜಿಗೆ ನಾವು ಹೋಗುವುದಿಲ್ಲ.

ಆ ನೆಲ ನಮಗೆ ಅಷ್ಟೊಂದು ಪರಕೀಯವೂ ಅಲ್ಲ. 1965ರವರೆಗೆ ಬಹರೈನಿನ ಪೇಟೆಯಲ್ಲಿ ಓಡಾಡುತ್ತಿದ್ದುದು ರೂಪಾಯಿ. 1959ರಿಂದ ನಮ್ಮ ರಿಸರ್ವ್ ಬ್ಯಾಂಕೇ ಕೊಲ್ಲಿ ನಾಡುಗಳಿಗಾಗಿ ಪ್ರತ್ಯೇಕ ರೂಪಾಯಿ ನೋಟುಗಳನ್ನು ಅಚ್ಚು ಹಾಕಿಸಿತ್ತು. 1965ರಲ್ಲಿ ಬಹರೈನ್ ತನ್ನದೇ ದಿನಾರನ್ನು ಹೊರತಂದಾಗ ಹತ್ತು ರೂಪಾಯಿಗೆ ಒಂದು ದಿನಾರ್ ಎಂದು ಲೆಕ್ಕ ಹಾಕಲಾಯಿತು. ಇಂದು ಒಂದು ದಿನಾರಿಗೆ ಇನ್ನೂರಕ್ಕೂ ಹೆಚ್ಚು ರೂಪಾಯಿ. ಈ ಅಂತರವನ್ನು ದುಡಿಮೆಗಿಂತ ಹೆಚ್ಚಾಗಿ ತೈಲ ತಂದುಕೊಟ್ಟಿತು. ಆದರೆ ಕೊಲ್ಲಿಯ ಅರಬ್ ದಡದಲ್ಲಿ ಎಲ್ಲರಿಗಿಂತ ಮೊದಲು ತೈಲ ಕಂಡ ಈ ನಾಡು, ಅದರ ಸಾಕಾಗದಿರುವಿಕೆಯನ್ನೂ ಎಲ್ಲರಿಗಿಂತ ಮೊದಲು ಕಂಡಿತು. ಬಹರೈನಿನ ಕತೆಯನ್ನು ನಾವು ಓದಬೇಕಾದುದು ಈ ಕಾರಣಕ್ಕೆ.

ಎರಡು ಕಡಲುಗಳ ನಾಡು

‘ಬಹರೈನ್’ ಎಂದರೆ ಅರಬಿಯಲ್ಲಿ ಎರಡು ಕಡಲುಗಳು. ಉಪ್ಪು ಸಮುದ್ರ ಒಂದು, ಅದರ ಅಡಿಯಿಂದ ಚಿಮ್ಮುತ್ತಿದ್ದ ಸಿಹಿನೀರು ಇನ್ನೊಂದು ಎಂದು ಅಲ್ಲಿಯವರು ಅರ್ಥ ಹೇಳುತ್ತಾರೆ. ಇಸ್ಲಾಮಿನ ಆರಂಭ ಕಾಲದಲ್ಲಿ ಈ ಹೆಸರು ಅರೇಬಿಯಾದ ಇಡೀ ಪೂರ್ವ ಕರಾವಳಿಗೆ ಇತ್ತು. ದ್ವೀಪವನ್ನು ‘ಅವಾಲ್’ ಎಂದು ಕರೆಯುತ್ತಿದ್ದರು.

ಸೌದಿ ಅರೇಬಿಯಾ ಮತ್ತು ಕತಾರ್‌ಗಳ ನಡುವಿನ ಈ ದ್ವೀಪಸಮೂಹದ ಒಟ್ಟು ವಿಸ್ತೀರ್ಣ ಸುಮಾರು 780 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ಮಹಾನಗರಕ್ಕಿಂತ ತುಸು ದೊಡ್ಡದು, ಅಷ್ಟೆ. ಅದರಲ್ಲಿಯೂ ನೂರಕ್ಕೂ ಹೆಚ್ಚು ಚದರ ಕಿಲೋಮೀಟರ್ ಸಮುದ್ರಕ್ಕೆ ಮಣ್ಣು ತುಂಬಿ ಪಡೆದ ನೆಲ. ಮುಖ್ಯ ದ್ವೀಪ ಉದ್ದಕ್ಕೆ 50 ಕಿಲೋಮೀಟರಿನಷ್ಟು, ಅಗಲಕ್ಕೆ 16. ನಡುವೆ ‘ಜಬಲ್ ದುಖಾನ್’ ಎಂಬ, ನಮ್ಮ ಘಟ್ಟದವರು ದಿಣ್ಣೆ ಎನ್ನಬಹುದಾದ ಬೆಟ್ಟ. ನದಿಯಿಲ್ಲ, ಮಳೆ ನೆಪಮಾತ್ರ. ಉತ್ತರ ಭಾಗದ ಖರ್ಜೂರದ ತೋಟಗಳನ್ನು ಬುಗ್ಗೆಗಳ ನೀರು ಸಾಕಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಮಿತಿಮೀರಿ ನೀರೆತ್ತಿದ್ದರಿಂದ ಬುಗ್ಗೆಗಳು ಬತ್ತಿದವು, ಅಂತರ್ಜಲಕ್ಕೆ ಉಪ್ಪು ನುಗ್ಗಿತು. ಈಗ ಕುಡಿಯುವ ನೀರಿಗೆ ಮುಖ್ಯ ಆಧಾರ ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಗಳು. ಎರಡು ಕಡಲುಗಳಲ್ಲಿ ಒಂದು ಹೀಗೆ ನಮ್ಮ ಕಾಲದಲ್ಲಿಯೇ ಮಾಯವಾಯಿತು.

ನಾಲ್ಕು ಸಾವಿರ ವರ್ಷಗಳ ಹಿಂದೆ ಈ ದ್ವೀಪ ‘ದಿಲ್ಮುನ್’ ಎಂಬ ನಾಡಿನ ಕೇಂದ್ರವಾಗಿತ್ತು. ಮೆಸಪೊಟೇಮಿಯಾಕ್ಕೂ ಸಿಂಧೂ ಕಣಿವೆಗೂ ನಡುವೆ ಹಡಗುಗಳು ತಂಗುತ್ತಿದ್ದ ತಾಣ ಇದು. ಸಿಂಧೂ ನಾಗರಿಕತೆಯ ಮುದ್ರೆಗಳೂ ತೂಕದ ಕಲ್ಲುಗಳೂ ಇಲ್ಲಿಯ ಉತ್ಖನನದಲ್ಲಿ ಸಿಕ್ಕಿವೆ. ಆ ಕಾಲದ ಸಾವಿರಾರು ಸಮಾಧಿ ದಿಬ್ಬಗಳನ್ನು ಯುನೆಸ್ಕೊ 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಪ್ರವಾದಿ ಮುಹಮ್ಮದ್(ಸ)ರು ಅಲಾ ಅಲ್ ಹಳ್ರಮಿಯವರ ಕೈಯಲ್ಲಿ ಈ ಪ್ರದೇಶದ ಆಡಳಿತಗಾರ ಮುಂದಿರ್ ಬಿನ್ ಸಾವಾರಿಗೆ ಪತ್ರ ಕಳುಹಿಸಿದ್ದರು. ಅಲ್ಲಿ ಇಸ್ಲಾಮ್ ಯುದ್ಧವಿಲ್ಲದೆ ನೆಲೆಯೂರಿತು. ಬಹರೈನಿನಿಂದ ತೆರಿಗೆಯ ಹಣ ಮದೀನಾಕ್ಕೆ ಬಂದ ಸಂದರ್ಭವೊಂದು ಹದೀಸ್‌ಗಳಲ್ಲಿ ದಾಖಲಾಗಿದೆ. ಅಬೂ ಉಬೈದಾ(ರ) ಹಣ ತಂದಿದ್ದಾರೆಂದು ತಿಳಿದು ಜನ ಫಜ್ರ್ ನಮಾಝಿಗೆ ಬಂದು ಸೇರಿದಾಗ ಪ್ರವಾದಿಯವರು ಮುಗುಳ್ನಕ್ಕರು. ನಿಮ್ಮ ಬಗ್ಗೆ ನನಗಿರುವ ಭಯ ಬಡತನದ್ದಲ್ಲ, ಸಂಪತ್ತು ಹರಡಿಕೊಂಡು ಅದಕ್ಕಾಗಿ ನೀವು ಪೈಪೋಟಿಗಿಳಿದು ನಾಶವಾಗುವುದರದ್ದು ಎಂಬ ಅರ್ಥದ ಎಚ್ಚರಿಕೆ ಕೊಟ್ಟರು. ಅದಕ್ಕೆ ನಿಮಿತ್ತವಾದುದು ಬಹರೈನಿನ ಹಣ ಎಂಬುದನ್ನು ನಾವು ನೆನಪಿಡಬೇಕು.

ಮುತ್ತಿನ ಸಾಲ

1521ರಲ್ಲಿ ಬಂದ ಪೋರ್ಚುಗೀಸರು 1602ರವರೆಗೆ ಇದ್ದರು. ಆಮೇಲೆ ಪರ್ಶಿಯಾದ ಹಿಡಿತ. 1783ರಲ್ಲಿ ಎದುರು ದಡದ ಝುಬಾರಾದಿಂದ ಬಂದ ಖಲೀಫಾ ಮನೆತನ ದ್ವೀಪವನ್ನು ಗೆದ್ದಿತು. ಇಂದಿಗೂ ಆಳುತ್ತಿರುವುದು ಅದೇ ಮನೆತನ. 1820ರಿಂದ ಒಂದರ ಮೇಲೊಂದು ಒಪ್ಪಂದ ಮಾಡಿಕೊಂಡ ಬ್ರಿಟಿಷರು 1892ರ ಹೊತ್ತಿಗೆ ಬಹರೈನಿನ ವಿದೇಶ ವ್ಯವಹಾರವನ್ನೆಲ್ಲ ಕೈಗೆ ತೆಗೆದುಕೊಂಡರು. 1947ರವರೆಗೆ ಅದರ ಉಸ್ತುವಾರಿ ನಡೆದುದು ಭಾರತದ ಬ್ರಿಟಿಷ್ ಸರಕಾರದ ಮೂಲಕ.

ಆಗ ದ್ವೀಪ ಬದುಕಿದ್ದುದು ಮುತ್ತಿನಿಂದ. ಬೇಸಗೆಯ ನಾಲ್ಕು ತಿಂಗಳು ನೂರಾರು ದೋಣಿಗಳು ಸಮುದ್ರದಲ್ಲಿಯೇ ಇರುತ್ತಿದ್ದವು. ಮುಳುಗುಗಾರ ಮೂಗಿಗೆ ಚಿಮಟ ಹಾಕಿ, ಕಾಲಿಗೆ ಕಲ್ಲು ಕಟ್ಟಿ, ಕೊರಳಿಗೆ ಬುಟ್ಟಿ ನೇತುಹಾಕಿಕೊಂಡು ಇಳಿಯುತ್ತಿದ್ದ. ಮೇಲೆ ಹಗ್ಗ ಹಿಡಿದವನು ಸನ್ನೆ ಸಿಕ್ಕಾಗ ಎಳೆಯುತ್ತಿದ್ದ. ದಿನಕ್ಕೆ ಹತ್ತಾರು ಬಾರಿ ಇದೇ ಕೆಲಸ. ಹಗಲೆಲ್ಲ ಖರ್ಜೂರ ಮತ್ತು ಕಾಫಿ, ರಾತ್ರಿ ಅನ್ನ ಮೀನು. ಹೆಕ್ಕಿದ ಮುತ್ತುಗಳು ಮುಂಬಯಿಯ ಪೇಟೆಗೆ ಬಂದು, ವಿಂಗಡಣೆಯಾಗಿ, ತೂತು ಕೊರೆಯಿಸಿಕೊಂಡು, ಪ್ಯಾರಿಸ್ ಲಂಡನ್‌ಗಳಿಗೆ ಹೋಗುತ್ತಿದ್ದವು. ಬಹರೈನಿಗೆ ಅಕ್ಕಿ, ಬಟ್ಟೆ, ದೋಣಿ ಕಟ್ಟುವ ಮರ ಹೋಗುತ್ತಿದ್ದುದು ಭಾರತದಿಂದ. ಮನಾಮದಲ್ಲಿ ಸಿಂಧ್‌ನ ಹಿಂದೂ ವ್ಯಾಪಾರಿಗಳು ಕಟ್ಟಿಕೊಂಡ ಶ್ರೀನಾಥಜಿ ದೇವಸ್ಥಾನಕ್ಕೆ ಇನ್ನೂರು ವರ್ಷ ದಾಟಿದೆ.

ಈ ವ್ಯಾಪಾರದ ತಳದಲ್ಲಿದ್ದುದು ಸಾಲ. ಹಂಗಾಮಿಗೆ ಮುನ್ನ ನಖೋದಾ, ಅಂದರೆ ದೋಣಿಯ ಯಜಮಾನ, ಮುಳುಗುಗಾರನ ಮನೆಯವರ ಊಟಕ್ಕೆ ಮುಂಗಡ ಕೊಡುತ್ತಿದ್ದ. ಲೆಕ್ಕದ ಪುಸ್ತಕ ನಖೋದಾನ ಕೈಯಲ್ಲಿ. ಅಕ್ಷರ ಬಾರದ ಮುಳುಗುಗಾರನಿಗೆ ಅದರಲ್ಲಿ ಬರೆದುದೇನೆಂದು ಗೊತ್ತಿಲ್ಲ. ಸಾಲ ತೀರುವವರೆಗೆ ಅವನು ಬೇರೆ ದೋಣಿ ಹತ್ತುವಂತಿಲ್ಲ. ಸತ್ತರೆ ಸಾಲ ಮಗನ ತಲೆಗೆ. ಬಡ್ಡಿಯನ್ನು ಹರಾಮ್ ಎಂದ ಸಮುದಾಯದಲ್ಲಿ ಬಡ್ಡಿ ಬೆಲೆ ಏರಿಕೆಯ ವೇಷ ತೊಟ್ಟು ಬರುತ್ತಿತ್ತು. 1920ರ ದಶಕದಲ್ಲಿ ಪ್ರತಿ ಮುಳುಗುಗಾರನಿಗೂ ಅವನದೇ ಲೆಕ್ಕದ ಪುಸ್ತಕ ಇರಬೇಕು ಎಂಬ ಸುಧಾರಣೆ ಬಂದಾಗ ವಿರೋಧಿಸಿದವರು ಯಾರಿರಬಹುದೆಂದು ಬೇರೆ ಹೇಳಬೇಕಿಲ್ಲ.

ಅಷ್ಟರಲ್ಲಿ ಜಪಾನಿನ ಮಿಕಿಮೊಟೊ ಸಾಕಿದ ಸಿಂಪಿಗಳಿಂದ ಮುತ್ತು ಬೆಳೆದು ಮಾರುಕಟ್ಟೆಗೆ ತಂದಿದ್ದರು. 1929ರಲ್ಲಿ ಜಗತ್ತಿನ ಆರ್ಥಿಕ ಕುಸಿತವೂ ಬಂತು. ಬೆಲೆ ಬಿತ್ತು. 1932ರಲ್ಲಿ ಮುಂಗಡ ಸಾಲದೆಂದು ಮುಳುಗುಗಾರರು ದಂಗೆ ಎದ್ದರು.

ದುಖಾನ್ ಬೆಟ್ಟದ ಬಾವಿ

ಅದೇ 1932ರ ಜೂನ್ ತಿಂಗಳ ಆರಂಭದಲ್ಲಿ ಜಬಲ್ ದುಖಾನ್ ಬುಡದ ಬಾವಿಯಲ್ಲಿ ತೈಲ ಸಿಕ್ಕಿತು. ಇದರ ಹಿಂದೆ ನ್ಯೂಜಿಲೆಂಡಿನ ಫ್ರಾಂಕ್ ಹೋಮ್ಸ್ ಎಂಬಾತನ ಹಟವಿತ್ತು. ಆತ ದ್ವೀಪದವರಿಗೆ ನೀರಿನ ಬಾವಿ ಕೊರೆದು ಕೊಟ್ಟು 1925ರಲ್ಲಿ ತೈಲ ಹುಡುಕುವ ಹಕ್ಕು ಪಡೆದಿದ್ದ. ಬ್ರಿಟಿಷ್ ಕಂಪೆನಿಗಳು ನಂಬಲಿಲ್ಲ. ಕೊನೆಗೆ ಹಕ್ಕು ಅಮೆರಿಕದ ಕ್ಯಾಲಿಫೋರ್ನಿಯಾ ಸ್ಟಾಂಡರ್ಡ್ ಆಯಿಲ್ ಕಂಪೆನಿಗೆ ಹೋಯಿತು. ಬ್ರಿಟಿಷ್ ಕಂಪೆನಿಯೇ ಆಗಬೇಕೆಂಬ ಷರತ್ತನ್ನು ಪೂರೈಸಲು ಅದು ಕೆನಡಾದಲ್ಲಿ ‘ಬಾಪ್ಕೊ’ ಎಂಬ ಕಂಪೆನಿ ನೋಂದಾಯಿಸಿತು. ಅರಸರಿಗೆ ಸಿಗುತ್ತಿದ್ದ ರಾಜಧನವನ್ನು ನಿಗದಿ ಮಾಡಿದ್ದುದೂ ರೂಪಾಯಿಯಲ್ಲೇ: ಟನ್ನಿಗೆ ಮೂರೂವರೆ ರೂಪಾಯಿ.

1934ರಲ್ಲಿ ರಫ್ತು, 1936ರಲ್ಲಿ ಸಂಸ್ಕರಣಾಗಾರ. ಸೌದಿ ಅರೇಬಿಯಾದಲ್ಲಿ ತೈಲ ಸಿಕ್ಕಿದ್ದು 1938ರಲ್ಲಿ. ಬಹರೈನ್ ಮೊದಲು ಸಾಗಿತು, ಆದರೆ ಅದರ ಪಾಲಿಗೆ ಬಂದುದು ಚಿಕ್ಕ ಕೊಡ. ಅದರ ಸ್ವಂತ ಬಾವಿಗಳ ಉತ್ಪಾದನೆ 1970ರಲ್ಲಿ ದಿನಕ್ಕೆ ಸುಮಾರು 76 ಸಾವಿರ ಬ್ಯಾರಲ್ ಮುಟ್ಟಿ ಇಳಿಯತೊಡಗಿತು. ಇಂದು ಅದರ ತೈಲಾದಾಯದ ದೊಡ್ಡ ಪಾಲು ಬರುವುದು ಸಮುದ್ರದ ಅಬೂ ಸಫಾ ಎಂಬಲ್ಲಿಂದ. 1958ರ ಗಡಿ ಒಪ್ಪಂದದಂತೆ ಆ ಕ್ಷೇತ್ರ ಸೌದಿಯದು, ಆದಾಯದ ಅರ್ಧ ಬಹರೈನಿನದು. ಬಾವಿಯ ಕೀಲಿ ನೆರೆಮನೆಯವನ ಕೈಯಲ್ಲಿರುವಾಗ ಅವನ ಮಾತನ್ನು ಮೀರುವುದು ಕಷ್ಟ. 1986ರಲ್ಲಿ ತೆರೆದ 25 ಕಿಲೋಮೀಟರಿನ ಕಿಂಗ್ ಫಹದ್ ಸೇತುವೆ ಆ ನಂಟನ್ನು ಇನ್ನಷ್ಟು ಬಿಗಿ ಮಾಡಿತು.

ತೈಲದಿಂದ ಆಸ್ಪತ್ರೆ, ವಿದ್ಯುತ್, ರಸ್ತೆ ಬಂದವು. ಶಾಲೆಗಳು ಮಾತ್ರ ಮೊದಲೇ ಇದ್ದವು. 1919ರಲ್ಲಿ ಹುಡುಗರಿಗೆ, 1928ರಲ್ಲಿ ಹುಡುಗಿಯರಿಗೆ ಆಧುನಿಕ ಶಾಲೆ ತೆರೆದ ನಾಡು ಅದು. ಮುಂದೆ ಹಕ್ಕಿನ ಮಾತೆತ್ತಿದ ಪೀಳಿಗೆ ಈ ಶಾಲೆಗಳಲ್ಲಿ ಬೆಳೆಯಿತು.

ಲೆಕ್ಕ ಕೇಳಿದವರು

1938ರಲ್ಲಿ ಬಹರೈನಿನ ಜನ ಶಾಸನಸಭೆ ಬೇಕೆಂದು, ತೈಲ ಕಂಪೆನಿಯಲ್ಲಿ ಪರದೇಶಿಗಳಿಗಿಂತ ತಮಗೆ ಮೊದಲು ಕೆಲಸ ಕೊಡಿ ಎಂದು ಕೇಳಿದರು. ಆ ಪರದೇಶಿಗಳಲ್ಲಿ ಭಾರತೀಯರಿದ್ದರು ಎಂಬುದು ನಮಗೆ ತಿಳಿದಿರಬೇಕು. 1953ರ ಮುಹರ್ರಂನಲ್ಲಿ ಸುನ್ನಿ-ಶಿಯಾ ಘರ್ಷಣೆ ನಡೆಯಿತು. ಮರುವರ್ಷವೇ ಎರಡೂ ಪಂಗಡಗಳ ಮುಖಂಡರು ಸೇರಿ ಒಂದೇ ಸಮಿತಿ ಕಟ್ಟಿ ಶಾಸನಸಭೆ, ಕಾರ್ಮಿಕ ಸಂಘ, ಕಾನೂನು ಸಂಹಿತೆಗಳನ್ನು ಕೇಳಿದರು. ಜಗಳವಾಡಿದವರೇ ಒಂದಾದುದು ನಮ್ಮ ಮಟ್ಟಿಗೆ ಬಹರೈನಿನ ಚರಿತ್ರೆಯ ಅತ್ಯಂತ ಉಜ್ವಲ ಅಧ್ಯಾಯ. 1956ರಲ್ಲಿ ಸಮಿತಿಯನ್ನು ಮುರಿದು, ಮೂವರು ಮುಖಂಡರನ್ನು ನೆಪೋಲಿಯನ್ ಸೆರೆಯಿದ್ದ ಸೇಂಟ್ ಹೆಲೆನಾ ದ್ವೀಪಕ್ಕೆ ಸಾಗಿಸಲಾಯಿತು.

ಬ್ರಿಟಿಷರು ಹೊರಡುವ ಹೊತ್ತಿಗೆ ಇರಾನ್ ತನ್ನ ಹಕ್ಕು ಸಾಧಿಸಿತು. 1970ರಲ್ಲಿ ವಿಶ್ವಸಂಸ್ಥೆಯ ನಿಯೋಗ ಜನಾಭಿಪ್ರಾಯ ಕೇಳಿದಾಗ ಸುನ್ನಿಗಳೂ ಶಿಯಾಗಳೂ ಬಹುತೇಕ ಒಂದೇ ಉತ್ತರ ಕೊಟ್ಟರು: ನಮಗೆ ಸ್ವತಂತ್ರ ಅರಬ್ ರಾಷ್ಟ್ರ ಬೇಕು. 1971ರ ಆಗಸ್ಟ್ 15ರಂದು ಬಹರೈನ್ ಸ್ವತಂತ್ರವಾಯಿತು. 1973ರಲ್ಲಿ ಸಂವಿಧಾನ, ಚುನಾಯಿತ ಸಭೆ ಎರಡೂ ಬಂದವು. ಭದ್ರತಾ ಕಾನೂನನ್ನು ಸಭೆ ಒಪ್ಪದಿದ್ದಾಗ 1975ರಲ್ಲಿ ಅದನ್ನು ವಿಸರ್ಜಿಸಲಾಯಿತು. 2001ರ ಜನಮತಗಣನೆಯಲ್ಲಿ ಸುಧಾರಣೆಗೆ ಶೇ. 98ಕ್ಕೂ ಹೆಚ್ಚು ಬೆಂಬಲ ಸಿಕ್ಕಿತು. 2002ರಲ್ಲಿ ಸಂಸತ್ತು ಮರಳಿತು, ಮಹಿಳೆಯರು ಮತ ಹಾಕಿದರು. ಆದರೆ ಚುನಾಯಿತರು 40 ಮಂದಿಯಾದರೆ ಅರಸರೇ ನೇಮಿಸುವ ಇನ್ನೊಂದು ಸದನದಲ್ಲಿಯೂ 40 ಮಂದಿ.

2011ರ ಫೆಬ್ರವರಿಯಲ್ಲಿ ಸಾವಿರಾರು ಜನ ಮನಾಮದ ‘ಮುತ್ತಿನ ವೃತ್ತ’ದಲ್ಲಿ ಸೇರಿದರು. ಮಾರ್ಚ್‌ನಲ್ಲಿ ಸೌದಿ ಮತ್ತು ಎಮಿರೇಟ್ಸ್ ಪಡೆಗಳು ಬಂದವು. ಅರಸರೇ ನೇಮಿಸಿದ ಬಸಿಯೂನಿ ಆಯೋಗ 35 ಸಾವುಗಳನ್ನೂ ಬಂಧಿತರ ಮೇಲಿನ ಚಿತ್ರಹಿಂಸೆಯನ್ನೂ ದಾಖಲಿಸಿತು. ವೃತ್ತದಲ್ಲಿದ್ದ ಮುತ್ತಿನ ಸ್ಮಾರಕವನ್ನು ಮಾರ್ಚ್ 18ರಂದು ಕೆಡವಿದರು. ಆಗ ಅದರಡಿ ಸಿಕ್ಕಿ ಸತ್ತವನು ಕ್ರೇನ್ ನಡೆಸುತ್ತಿದ್ದ ವಲಸೆ ಕಾರ್ಮಿಕ. ಅವನದಲ್ಲದ ಜಗಳದಲ್ಲಿ ಅವನ ಪ್ರಾಣ ಹೋಯಿತು. ಪ್ರಮುಖ ವಿರೋಧ ಪಕ್ಷ ಅಲ್ ವಿಫಾಕ್ 2016ರಲ್ಲಿ ವಿಸರ್ಜನೆಗೊಂಡಿತು.

ಬತ್ತುವ ಮುನ್ನ

ತೈಲ ಮುಗಿಯುತ್ತದೆಂದು ಬಹರೈನ್ ಬೇಗ ಅರಿತುದು ನಿಜ. 1971ರಲ್ಲಿ ‘ಅಲ್ಬಾ’ ಅಲ್ಯೂಮಿನಿಯಂ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅದು ಇಂದು ವರ್ಷಕ್ಕೆ 15 ಲಕ್ಷ ಟನ್ನಿಗೂ ಹೆಚ್ಚು ಲೋಹ ಉತ್ಪಾದಿಸುತ್ತದೆ. ಬೈರುತ್ ಅಂತರ್ಯುದ್ಧದಲ್ಲಿ ಮುಳುಗಿದಾಗ ಬ್ಯಾಂಕುಗಳು ಮನಾಮಕ್ಕೆ ಬಂದವು. ಇಸ್ಲಾಮೀ ಬ್ಯಾಂಕಿಂಗ್‌ನ ಲೆಕ್ಕಪತ್ರಗಳಿಗೆ ನಿಯಮ ರೂಪಿಸುವ ಸಂಸ್ಥೆ 1991ರಿಂದ ಅಲ್ಲಿಯೇ ಇದೆ.

ಹೀಗಿದ್ದೂ ಸರಕಾರದ ಬೊಕ್ಕಸಕ್ಕೆ ಬರುವ ಹಣದಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಇಂದಿಗೂ ತೈಲ ಮತ್ತು ಅನಿಲದ್ದು. ಬೆಲೆ ಬಿದ್ದಾಗಲೆಲ್ಲ ಸಾಲ. 2018ರಲ್ಲಿ ಸೌದಿ, ಎಮಿರೇಟ್ಸ್, ಕುವೈತ್‌ಗಳು 1000 ಕೋಟಿ ಡಾಲರ್ ನೆರವು ಕೊಡಬೇಕಾಯಿತು. ತೆರಿಗೆಯೆಂದರೇನೆಂದು ಹೆಚ್ಚು ಅರಿಯದ ನಾಡಿನಲ್ಲಿ 2019ರಲ್ಲಿ ಶೇ. 5ರ ಮೌಲ್ಯವರ್ಧಿತ ತೆರಿಗೆ ಬಂದು, 2022ರಲ್ಲಿ ಶೇ. 10 ಆಯಿತು. ಸರಕಾರದ ಸಾಲ ದೇಶದ ವಾರ್ಷಿಕ ಉತ್ಪನ್ನವನ್ನೇ ಮೀರಿದೆ.

ಮುಳುಗುಗಾರನ ಮಗ ಅಪ್ಪನ ಸಾಲ ಹೊತ್ತಂತೆ, ಇಂದಿನ ಈ ಸಾಲವನ್ನು ಹೊರುವವರು ಮುಂದಿನ ಪೀಳಿಗೆಯವರು. ಅದರ ಪುಸ್ತಕ ನೋಡುವ ಹಕ್ಕು ಅವರಿಗಿದೆಯೇ ಎಂಬುದು 1938ರಿಂದ ಬಹರೈನ್ ಕೇಳುತ್ತಿರುವ ಪ್ರಶ್ನೆ. ಅದನ್ನು ಸುನ್ನಿ-ಶಿಯಾ ಜಗಳವೆಂದು ಮಾತ್ರ ಓದುವವರು 1954ನ್ನು ಮರೆತಿರುತ್ತಾರೆ.

ಅಲ್ಲಿಯ ಹದಿನೈದು ಲಕ್ಷದಷ್ಟು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರಗಿನವರು. ಅವರಲ್ಲಿ ಭಾರತೀಯರದೇ ದೊಡ್ಡ ಪಾಲು, ಕನ್ನಡ ಸಂಘ ಕಟ್ಟಿಕೊಂಡ ನಮ್ಮವರೂ ಇದ್ದಾರೆ. ಅಲ್ಲಿ ಬತ್ತಿದರೆ ಇಲ್ಲಿಯ ಒಲೆಗಳೂ ಆರುತ್ತವೆ. ಗಲ್ಫ್ ಹಣ ನಮ್ಮ ಕರಾವಳಿಯ ಮುಸ್ಲಿಮರಿಗೆ ಮನೆ ಕೊಟ್ಟಿತು, ಮಸೀದಿಗಳಿಗೆ ಅಮೃತಶಿಲೆ ಕೊಟ್ಟಿತು. ಶಾಲೆ, ಕಸುಬು, ಕಾಲೇಜುಗಳಿಗೆ ಅದರಲ್ಲಿ ಎಷ್ಟು ಹೋಯಿತು, ಮದುವೆಯ ಶಾಮಿಯಾನಕ್ಕೆ ಎಷ್ಟು ಹೋಯಿತು? ಬಹರೈನಿನಿಂದ ಬಂದ ಹಣವನ್ನು ಕಂಡು ಸೇರಿದ ಜನರಿಗೆ ಮದೀನಾದಲ್ಲಿ ಸಿಕ್ಕ ಎಚ್ಚರಿಕೆ ನಮಗೂ ಸೇರಿದ್ದು. ಅವರ ಲೆಕ್ಕವನ್ನು ಅವರು ಕೇಳಿಕೊಳ್ಳಲಿ. ನಮ್ಮ ಮನೆಗಳ ಲೆಕ್ಕದ ಪುಸ್ತಕವನ್ನು ತೆರೆಯಬೇಕಾದವರು ನಾವೇ.