ಪಾರ್ಕಿನ್ಸನ್ ನಿಯಮ

ಒಂದು ಕೆಲಸಕ್ಕೆ ಎಷ್ಟು ಕಾಲಾವಕಾಶ ದೊರೆಯುತ್ತದೆಯೋ ಅಷ್ಟನ್ನೂ ತುಂಬುವವರೆಗೆ ಆ ಕೆಲಸ ಹಿಗ್ಗುತ್ತದೆ ಎಂಬ, ಕಚೇರಿಗಳ ಕಾಲನಿರ್ವಹಣೆಯ ಚರ್ಚೆಯಲ್ಲಿ ಮತ್ತೆ ಮತ್ತೆ ಬಳಕೆಯಾಗುವ ಸೂತ್ರ. ಬ್ರಿಟಿಷ್ ನೌಕಾ ಇತಿಹಾಸಕಾರ ಸಿರಿಲ್ ನಾರ್ತ್‌ಕೋಟ್ ಪಾರ್ಕಿನ್ಸನ್ ಇದನ್ನು 1955ರ ನವೆಂಬರ್‌ನಲ್ಲಿ ಲಂಡನ್ನಿನ ದಿ ಎಕನಾಮಿಸ್ಟ್ ಪತ್ರಿಕೆಯಲ್ಲಿ, ವಿಡಂಬನೆಯ ಧಾಟಿಯ ಲೇಖನವೊಂದರಲ್ಲಿ ಮಂಡಿಸಿದ. ಬಿಡುವಾಗಿರುವ ವೃದ್ಧೆಯೊಬ್ಬಳು ಕಾರ್ಡು ಹುಡುಕಲು ಒಂದು ಗಂಟೆ, ಕನ್ನಡಕ ಹುಡುಕಲು ಇನ್ನೊಂದು ಗಂಟೆ ಎಂಬಂತೆ ಒಂದೇ ಅಂಚೆಕಾರ್ಡಿಗಾಗಿ ಇಡೀ ದಿನ ಕಳೆದರೆ, ಬಿಡುವಿಲ್ಲದ ವ್ಯಕ್ತಿ ಅದನ್ನೇ ಮೂರು ನಿಮಿಷದಲ್ಲಿ ಮುಗಿಸುತ್ತಾನೆ ಎಂಬುದು ಅವನು ಕೊಟ್ಟ ಉದಾಹರಣೆ.

ಆದರೆ ಲೇಖನದ ನಿಜವಾದ ಗುರಿ ವ್ಯಕ್ತಿಯ ಸೋಮಾರಿತನವಲ್ಲ, ಆಡಳಿತಯಂತ್ರ. ಅಧಿಕಾರಿಗಳು ಸಮಬಲದ ಸ್ಪರ್ಧಿಗಳನ್ನು ಬಿಟ್ಟು ಅಧೀನ ನೌಕರರನ್ನೇ ಹೆಚ್ಚಿಸಿಕೊಳ್ಳುತ್ತಾರೆ, ಒಬ್ಬರಿಗೊಬ್ಬರು ಕೆಲಸ ಹುಟ್ಟಿಸುತ್ತಾರೆ ಎಂದು ವಾದಿಸಿದ ಪಾರ್ಕಿನ್ಸನ್, 1914ರಿಂದ 1928ರ ನಡುವೆ ಬ್ರಿಟನ್ನಿನ ದೊಡ್ಡ ಯುದ್ಧನೌಕೆಗಳು 62ರಿಂದ 20ಕ್ಕೆ ಇಳಿದರೂ ನೌಕಾ ಇಲಾಖೆಯಾದ ಅಡ್ಮಿರಾಲ್ಟಿಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದ್ದನ್ನು ಆಧಾರವಾಗಿ ತೋರಿಸಿದ. ವೈಯಕ್ತಿಕ ದಕ್ಷತೆಯ ಕೈಪಿಡಿಗಳು ಈ ಮುಖ್ಯಭಾಗವನ್ನು ಕೈಬಿಟ್ಟಿರುವುದು ವಿಷಾದನೀಯ.

ಪ್ರತಿ ಕೆಲಸಕ್ಕೂ ಮೊದಲೇ ಗಡುವು ಗೊತ್ತುಪಡಿಸಿ, ಅದು ಮುಗಿದೊಡನೆ ಕೆಲಸವನ್ನು ನಿಲ್ಲಿಸುವ ಅಥವಾ ಮರುಪರಿಶೀಲಿಸುವ ಕಾಲಮಿತಿ ಪದ್ಧತಿಯು ಈ ನಿಯಮಕ್ಕೆ ಪರಿಹಾರವೆಂದು ಬಳಕೆಯಲ್ಲಿದೆ. ಸಭೆ, ಪತ್ರವ್ಯವಹಾರಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ, ಆಳವಾದ ಚಿಂತನೆ ಬೇಡುವ ಕೆಲಸಗಳಿಗೆ ಅಷ್ಟಾಗಿ ಒಗ್ಗುವುದಿಲ್ಲ.