ಕೋಡಿ ನೀರು ಎಲ್ಲಿಗೆ ಹೋಗುತ್ತದೆ?

ಒಂಬತ್ತನೇ ತರಗತಿಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ಒಂದು ವಿಚಿತ್ರ ಹೋಂವರ್ಕ್ ಕೊಟ್ಟಿದ್ದರು: "ನಿಮ್ಮ ಬೀದಿಯ ಚರಿತ್ರೆ ಬರೆದುಕೊಂಡು ಬನ್ನಿ." ಚರಿತ್ರೆ ಎಂದರೆ ಪಾಣಿಪತ್ ಕದನ, ದಂಡಿ ಯಾತ್ರೆ ಎಂದುಕೊಂಡಿದ್ದ ನಮಗೆ ನಗು ಬಂದಿತ್ತು. ನಾನು ಅರ್ಧ ಪುಟ ಗೀಚಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ "ಇನ್ನೂ ಇದೆ, ದೊಡ್ಡವರನ್ನು ಕೇಳಿ ಬಾ" ಎಂದು ಬರೆದು ವಾಪಸ್ ಕೊಟ್ಟರು. ನಾನು ಯಾರನ್ನೂ ಕೇಳಲಿಲ್ಲ. ಈ ಸಂಚಿಕೆಗೆ ಲೇಖನ ಬೇಕೆಂದು ಶಾಲೆಯಿಂದ ಫೋನ್ ಬಂದಾಗ ನೆನಪಾದದ್ದು ಆ ಬಾಕಿ ಹೋಂವರ್ಕ್. ಹಾಗಾಗಿ ನಾನೀಗ ವಾಸವಿರುವ ಬೆಂಗಳೂರಿನ ಸರ್ಜಾಪುರ ರಸ್ತೆಯ ಕಥೆಯನ್ನು ಬರೆಯುತ್ತಿದ್ದೇನೆ. ಕೊನೆಗೆ ಅದು ನಮ್ಮೂರಿಗೇ ಬಂದು ನಿಲ್ಲುತ್ತದೆ.

ಬಿ.ಇ. ಮುಗಿಸಿ 2010ರಲ್ಲಿ ಬೆಂಗಳೂರಿಗೆ ಹೋದಾಗ ಸರ್ಜಾಪುರ ರಸ್ತೆಯ ಪಕ್ಕದ ಒಂದು ಅಪಾರ್ಟ್‌ಮೆಂಟಿನಲ್ಲಿ ಮೂವರು ಗೆಳೆಯರು ಬಾಡಿಗೆಗಿದ್ದೆವು. ನಮ್ಮ ವಿಳಾಸದಲ್ಲಿ ಕಟ್ಟಡದ ಹೆಸರಿತ್ತೇ ಹೊರತು ಊರಿನ ಹೆಸರಿರಲಿಲ್ಲ. ನಾವಿದ್ದದ್ದು ಕೈಕೊಂಡ್ರಹಳ್ಳಿಯ ಪಕ್ಕ, ಅಲ್ಲಿ ಅದೇ ಹೆಸರಿನ ಸುಮಾರು 48 ಎಕರೆಯ ಕೆರೆ ಇದೆ ಎಂಬುದು ನನಗೆ ಗೊತ್ತಾಗಲು ಒಂದು ವರ್ಷ ಹಿಡಿಯಿತು.

ಬೆಂಗಳೂರಿಗೆ ಕಾವೇರಿಯಂಥ ನದಿಯ ದಡವಿಲ್ಲ. ಆದ್ದರಿಂದ ಹಿಂದಿನವರು ಇಳಿಜಾರು ನೋಡಿ ಕೆರೆಯ ಕೆಳಗೆ ಕೆರೆ ಕಟ್ಟಿದರು. ಒಂದು ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಮುಂದಿನದಕ್ಕೆ. ಕಸವನಹಳ್ಳಿ, ಕೈಕೊಂಡ್ರಹಳ್ಳಿ, ಸೌಳು ಕೆರೆಗಳು ಇಂಥದೇ ಒಂದು ಸಾಲು. ಆ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ತೂಬು ಎತ್ತುವುದಕ್ಕೆ ನೀರುಗಂಟಿ, ಹೂಳು ತೆಗೆಯುವುದಕ್ಕೆ ಊರಿನ ರೈತರು. ಹೂಳು ಹೊಲಕ್ಕೆ ಗೊಬ್ಬರವೂ ಆಗುತ್ತಿತ್ತು. ನಮ್ಮ ಅಜ್ಜಂದಿರಿಗೆ ಇದನ್ನು ವಿವರಿಸಬೇಕಿಲ್ಲ.

ನಗರಕ್ಕೆ ನಲ್ಲಿ ಬಂತು. 19ನೇ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ನೀರು ದೂರದಿಂದ ಬರತೊಡಗಿದಂತೆ ಹತ್ತಿರದ ಕೆರೆ ಬರೀ ಖಾಲಿ ಜಾಗವಾಗಿ ಕಂಡಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಊರಿಗೆ ಹೋಗಲು ಮೆಜೆಸ್ಟಿಕ್‌ನಲ್ಲಿ ಬಸ್ ಕಾಯುವಾಗ ನಾವು ನಿಂತಿರುವುದು ಕೆರೆಯ ಅಂಗಳದಲ್ಲೇ.

ನಮ್ಮ ಭಾಗಕ್ಕೆ ಬದಲಾವಣೆ ತಡವಾಗಿ, ಆದರೆ ಒಮ್ಮೆಲೇ ಬಂತು. ಐಟಿ ಕಂಪನಿಗಳು ಬಂದವು, ಗದ್ದೆಗಳು ಸೈಟುಗಳಾದವು. 2007ರಲ್ಲಿ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಹಳ್ಳಿಗಳು ಕಾಗದದ ಮೇಲೆ ನಗರವಾದವು. ಆದರೆ ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ 17 ವರ್ಷ ಕೊಳವೆಬಾವಿ ಮತ್ತು ಟ್ಯಾಂಕರ್. ಬಳಸಿದ ನೀರು ಹೋಗುತ್ತಿದ್ದದ್ದು ಕಾಲುವೆಗೆ, ಅಲ್ಲಿಂದ ಕೆರೆಗೆ.

ಕೈಕೊಂಡ್ರಹಳ್ಳಿ ಕೆರೆಯೂ ಹೂಳು ತುಂಬಿ, ಕೊಳಚೆ ಸೇರಿ ಹಾಳಾಗಿತ್ತು. ಅಲ್ಲಿ ನಡೆದದ್ದು ಮಾತ್ರ ಬೇರೆ. 2008–09ರ ಹೊತ್ತಿಗೆ ಸುತ್ತಲಿನ ಕೆಲವು ನಿವಾಸಿಗಳು ಹಳ್ಳಿಯವರನ್ನೂ ಪರಿಸರ ತಜ್ಞರನ್ನೂ ಜೊತೆಗೆ ಸೇರಿಸಿಕೊಂಡು ಪಾಲಿಕೆಯ ಎಂಜಿನಿಯರುಗಳ ಮುಂದೆ ಕುಳಿತರು. ಕೆಲಸ ಮಾಡಿದ್ದು, ಹಣ ಕೊಟ್ಟಿದ್ದು ಪಾಲಿಕೆ. ಆದರೆ ಹೇಗಾಗಬೇಕು ಎಂಬುದರಲ್ಲಿ ಜನರ ಮಾತಿಗೂ ಜಾಗವಿತ್ತು. ಹೂಳು ತೆಗೆದರು, ಕೊಳಚೆಯನ್ನು ಬೇರೆ ದಾರಿಗೆ ತಿರುಗಿಸಿದರು, ಗಣೇಶನ ವಿಸರ್ಜನೆಗೆ ಪ್ರತ್ಯೇಕ ಕಲ್ಯಾಣಿ ಕಟ್ಟಿದರು. ಮಳೆ ಬಂದು ಕೆರೆ ತುಂಬಿತು, ಹಕ್ಕಿಗಳು ಬಂದವು. ಆಮೇಲೆ ನಿವಾಸಿಗಳ ಟ್ರಸ್ಟ್ ಒಂದು ಅದರ ದಿನನಿತ್ಯದ ನಿಗಾ ನೋಡಿಕೊಂಡಿತು. ದಡದಲ್ಲೇ ಒಂದು ಸರ್ಕಾರಿ ಶಾಲೆಯೂ ಇದೆ. ಅಲ್ಲಿನ ಮಕ್ಕಳನ್ನು ಕಂಡಾಗಲೆಲ್ಲ ನಮ್ಮ ಶಾಲೆ ನೆನಪಾಗುತ್ತದೆ.

ಈ ಕೆಲಸದಲ್ಲಿ ನನ್ನ ಪಾಲೇನೂ ಇರಲಿಲ್ಲ, ಒಪ್ಪಿಕೊಳ್ಳಬೇಕು. ಬೇರೆಯವರು ಉಳಿಸಿದ ಕೆರೆಯ ಮೇಲೆ ನಾನು ವಾಕಿಂಗ್ ಮಾಡಿದವನು. ಹಾಗೆ ಒಂದು ಬೆಳಿಗ್ಗೆ ಕಲ್ಲುಬೆಂಚಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಮಾತಿಗೆಳೆದರು. ಆ ಊರಿನವರೇ.

"ಯಾವೂರಪ್ಪ ನಿಂದು?"

ಹೇಳಿದೆ.

"ಕೆರೆ ಐತಾ?"

"ಐತೆ ತಾತ, ದೊಡ್ಡದು."

"ಕೋಡಿ ಬಿದ್ರೆ ನೀರು ಎಲ್ಲಿಗ್ ಹೋಗ್ತದೆ?"

ನನಗೆ ಗೊತ್ತಿರಲಿಲ್ಲ. ಆ ಕೆರೆಯಲ್ಲೇ ಈಜು ಕಲಿತವನು, ಅದರ ಏರಿಯ ಮೇಲೆಯೇ ಶಾಲೆಗೆ ನಡೆದವನು ಬಾಯಿ ಬಿಡಲಾಗದೆ ನಿಂತೆ. ತಾತ ನಕ್ಕು, ಒಂದು ಕಾಲಕ್ಕೆ ಇದೇ ಏರಿಯ ಮೇಲೆ ತಾವು ಎತ್ತಿನಗಾಡಿ ಹೊಡೆದದ್ದು, ಕೆಳಗಿನ ಗದ್ದೆಯಲ್ಲಿ ಭತ್ತ ಬೆಳೆದದ್ದು ಹೇಳಿದರು. "ಈಗ ನೀರು ಚೆನ್ನಾಗೈತೆ. ಆದ್ರೆ ನಮ್ಗೆ ಇಲ್ಲಿ ಕೆಲ್ಸ ಇಲ್ಲ" ಎಂದರು. ಆ ಮಾತು ಮನಸ್ಸಿನಲ್ಲಿ ಉಳಿಯಿತು. ನಗರದ ಹಲವು ಕೆರೆಗಳಿಗೆ ಬೇಲಿ, ಗೇಟು, ಸಮಯದ ಬೋರ್ಡು ಬಂದಾಗ ದನ ಮೇಯಿಸುವವರು, ಬಟ್ಟೆ ಒಗೆಯುವವರು ಹೊರಗುಳಿದರು. ಕೈಕೊಂಡ್ರಹಳ್ಳಿಯಲ್ಲಿ ದನಕ್ಕೆ ಹುಲ್ಲು ಕೊಯ್ದುಕೊಳ್ಳಲು ಅವಕಾಶ ಇಟ್ಟದ್ದು ಇದನ್ನರಿತವರ ಒಳ್ಳೆಯ ಯೋಚನೆ. ನಿವಾಸಿಗಳು ಎಂದಾಗ ನಾವು ನಮ್ಮಂಥ ಫ್ಲಾಟಿನವರನ್ನಷ್ಟೇ ಎಣಿಸುತ್ತೇವೆ. ಮೊದಲಿನಿಂದ ಇದ್ದವರು ಪಟ್ಟಿಯಲ್ಲೇ ಇರುವುದಿಲ್ಲ.

2022ರ ಸೆಪ್ಟೆಂಬರ್‌ನ ಮಳೆಗೆ ಸರ್ಜಾಪುರ ರಸ್ತೆ, ಬೆಳ್ಳಂದೂರು ಭಾಗ ಮುಳುಗಿದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಊರಿನಿಂದ ಫೋನ್ ಮಾಡಿದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ನೀರು ತನ್ನ ಹಳೆಯ ದಾರಿಯನ್ನು ಹುಡುಕುತ್ತಿತ್ತು. ದಾರಿಯಲ್ಲಿ ನಾವು ಮನೆ ಕಟ್ಟಿಕೊಂಡಿದ್ದೆವು.

ಆ ಮಳೆಯ ನಂತರವೇ ನಾನು ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಮೊದಲ ಬಾರಿ ಹೋದದ್ದು. ನಮ್ಮ ಕಟ್ಟಡದ ಕೊಳಚೆ ಶುದ್ಧೀಕರಣ ಘಟಕ ಕೆಟ್ಟು ತಿಂಗಳುಗಳಾಗಿದ್ದವು. ನೀರು ನೇರ ಕಾಲುವೆಗೆ ಹೋಗುತ್ತಿತ್ತು. ಅಂದರೆ ನಾನು ಬೆಳಿಗ್ಗೆ ಕೆರೆ ನೋಡಿ ಸಂತೋಷಪಟ್ಟು, ಮನೆಗೆ ಬಂದು ಸ್ನಾನ ಮಾಡಿ ಮತ್ತೊಂದು ಕೆರೆಯನ್ನು ಹಾಳು ಮಾಡುತ್ತಿದ್ದೆ. ದುರಸ್ತಿಯ ವಂತಿಗೆಗೆ ಜಗಳಗಳಾದವು. ಕೊನೆಗೆ ಘಟಕ ಸರಿಹೋಯಿತು. ನನ್ನ 12 ವರ್ಷಗಳ ಬೆಂಗಳೂರು ವಾಸದಲ್ಲಿ ನಾನು ಆ ಬಡಾವಣೆಗೆ ಮಾಡಿದ ಮೊದಲ ಕೆಲಸ ಅದು.

ಪಾಲಿಕೆಯಲ್ಲಿ ಕೇಳೋಣವೆಂದರೆ, ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ನಮ್ಮ ವಾರ್ಡಿನ ಪ್ರತಿನಿಧಿ ಯಾರು ಎಂದರೆ ಹೇಳಲು ಹೆಸರಿರಲಿಲ್ಲ. ಆಗ ನಮ್ಮೂರಿನ ಗ್ರಾಮ ಸಭೆಯ ಬೆಲೆ ತಿಳಿಯಿತು. ಮತದಾರರ ಪಟ್ಟಿಯಲ್ಲಿರುವ ಯಾರು ಬೇಕಾದರೂ ಎದ್ದುನಿಂತು ಕೇಳಬಹುದಾದ ಸಭೆ ಅದು. ಅಷ್ಟು ದೊಡ್ಡ ನಗರದಲ್ಲಿ ನನಗೆ ಅಂಥದೊಂದು ಸಿಗಲಿಲ್ಲ.

ಕಳೆದ ಯುಗಾದಿಗೆ ಊರಿಗೆ ಬಂದಾಗ ಅಪ್ಪನನ್ನು ಕರೆದುಕೊಂಡು ಕೋಡಿಯಿಂದ ಕಾಲುವೆ ಹಿಡಿದು ನಡೆದೆ. ತಾತನ ಪ್ರಶ್ನೆಗೆ ಉತ್ತರ ಸಿಕ್ಕಿತು. ನೀರು ಶಾಲೆಯ ಹಿಂದಿನ ತೋಪು ದಾಟಿ ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ಹೋಗುತ್ತಿತ್ತು ಎನ್ನಬೇಕು. ರಸ್ತೆಯ ಪಕ್ಕ ಸೈಟು ಮಾಡಿ ಕಲ್ಲು ನೆಟ್ಟಿರುವ ಕಡೆ ಕಾಲುವೆ ಮಣ್ಣಿನಲ್ಲಿ ಮುಚ್ಚಿಹೋಗಿದೆ. ಆ ಸೈಟುಗಳನ್ನು ಕೊಳ್ಳುವವರಲ್ಲಿ ನನ್ನಂತೆ ಹೊರಗೆ ದುಡಿಯುವ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ನನಗೂ ಒಂದು ತೋರಿಸಿದ್ದರು.

ಸೈಟು ಬೇಡವೆಂದು ನಾನು ಹೇಳಲಾರೆ. ಊರು ಬೆಳೆಯಲೇಬೇಕು, ಮನೆಗಳು ಬೇಕು. ಕಾಲುವೆಯ ಜಾಗ ಬಿಟ್ಟು ಬೆಳೆಯಲಿ ಎಂಬುದಷ್ಟೇ ನನ್ನ ಮಾತು. ದಿಶಾಂಕ್ ಆ್ಯಪ್‌ನಲ್ಲಿ ನಾವು ನಿಂತ ಜಾಗದ ಸರ್ವೆ ನಂಬರ್ ಮೊಬೈಲಿನಲ್ಲೇ ಸಿಗುತ್ತದೆ. ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳು ಮೇಷ್ಟ್ರುಗಳ ಜೊತೆ ಕೋಡಿಯಿಂದ ಕೆಳಗಿನ ಕೆರೆಯವರೆಗೆ ಒಂದು ದಿನ ನಡೆದರೆ ಸಾಕು, ಕಾಲುವೆಯ ನಕ್ಷೆ ತಯಾರಾಗುತ್ತದೆ. ಕಂಪ್ಯೂಟರಿನ ಕೆಲಸ ನನಗಿರಲಿ. ಮುಂದಿನ ಗ್ರಾಮ ಸಭೆಯಲ್ಲಿ ಅದನ್ನು ಊರಿನವರ ಮುಂದೆ ಇಡೋಣ. ರಜೆ ಹಾಕಿ ನಾನೂ ಬರುತ್ತೇನೆ.

ಮೇಷ್ಟ್ರೇ, ಹೋಂವರ್ಕ್ ತಡವಾಯಿತು. ದೊಡ್ಡವರನ್ನು ಕೇಳಿಕೊಂಡು ಬಂದಿದ್ದೇನೆ. ಇನ್ನೂ ಇದೆ.

(ಲೇಖಕರು ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)